ಸದಾಶಿವಯ್ಯನವರು ಯಾರ್ಕಿಗೆ ಬರಲಿಲ್ಲವೇ?

ತೆಂಗಿನ ಮರಕ್ಕೆ ಅಣಬೆ ರೋಗ ತಗುಲಿದೆಯೋ ಇಲ್ಲವೋ ಎಂದು ಬಿಳಿಗೆರೆ ಮರುಳಪ್ಪನವರನ್ನು ಕೇಳಿದರೆ ಉತ್ತರ ತಕ್ಷಣ ಸಿಗುವುದಿಲ್ಲ. ಮರದ ಬುಡ ನೋಡುತ್ತಾರೆ. ಕಂದು ರಸ ಸೋರಿದ ಕಡೆ ಸ್ವಲ್ಪ ಕೆತ್ತಿ ಮೂಸುತ್ತಾರೆ. ಪಕ್ಕದ ಮರ ನೋಡುತ್ತಾರೆ, ಅದರ ಪಕ್ಕದ್ದನ್ನೂ ನೋಡುತ್ತಾರೆ. ತೋಟದ ಯಜಮಾನನಿಗೆ ತಾಳ್ಮೆ ಮುಗಿದು, "ಕಡಿಯೋದಾ, ಬುಡೋದಾ, ಒಂದು ಹೇಳ್ಬುಡಿ ಸಾರ್" ಎಂದು ಅಂಗಲಾಚಿದ ಮೇಲೆ ಬಾಯಿ ಬಿಡುತ್ತಾರೆ. ಅಪರೂಪಕ್ಕೆ ಅವರ ಮಾತು ತಪ್ಪುತ್ತದೆ. ತಪ್ಪಿದಾಗ ತಾವೇ ಆ ತೋಟಕ್ಕೆ ಹೋಗಿ, ತಪ್ಪಿತು ಎಂದು ಹೇಳಿ ಬರುತ್ತಾರೆ.

ಕೃಷಿ ಇಲಾಖೆಯ ಜೀಪಿನಲ್ಲಿ ಅವರ ಜೊತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳನ್ನೆಲ್ಲ ಸುತ್ತಿದ್ದೇನೆ. ಇಷ್ಟು ನಿಧಾನವಾಗಿ ತೀರ್ಮಾನಕ್ಕೆ ಬರುವ ಮನುಷ್ಯ ತನ್ನ ಮದುವೆಯನ್ನು ದೂರದೂರಿನ ಒಂದು ಫೋನ್ ಕರೆಯಲ್ಲಿ, ಆಗಿನ ಟ್ರಂಕ್ ಕಾಲ್‌ನಲ್ಲಿ, ತೀರ್ಮಾನ ಮಾಡಬೇಕಾಗಿ ಬಂದಿತ್ತು. ೧೯೭೮ರ ಮೇ ತಿಂಗಳಿನ ಒಂದು ಶನಿವಾರ, ಒಂದು ಭಾನುವಾರ, ಮತ್ತು ಸೋಮವಾರದ ಅರ್ಧ ದಿನದ ಕಥೆ ಅದು. ಮರುಳಪ್ಪನವರಿಂದ ಒಂದು ಸಲ, ಅವರ ಹೆಂಡತಿ ವಿಮಲಮ್ಮನವರಿಂದ ಹಲವು ಸಲ, ತಿಪಟೂರಿನ ಕೊಬ್ಬರಿ ಮಂಡಿಯ ಶಂಭುಲಿಂಗಯ್ಯನವರಿಂದ ಒಂದು ಸಲ ಕೇಳಿದ್ದೇನೆ. ಮೂವರ ಮಾತೂ ಹೊಂದುವಷ್ಟನ್ನು ಬರೆಯುತ್ತಿದ್ದೇನೆ.

ಆಗ ಮರುಳಪ್ಪನವರಿಗೆ ಇಪ್ಪತ್ತೇಳು ವರ್ಷ. ಗಿಡಗಳ ರೋಗದ ವಿಷಯದಲ್ಲಿ ಒಂದು ವರ್ಷದ ಓದಿಗೆಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ ಹೋಗಿದ್ದರು. ಹೊರಡುವ ಹಿಂದಿನ ವಾರ, ತುರುವೇಕೆರೆಯ ಏಕಾಂತಯ್ಯನವರ ಮನೆಯಲ್ಲಿ ಅವರ ಮಗಳು ವಿಮಲಳನ್ನು ನೋಡುವ ಶಾಸ್ತ್ರ ಆಗಿತ್ತು. ತೆಂಗಿನ ತೋಟದ ಮನೆತನ, ಹುಡುಗಿ ತಿಪಟೂರು ಕಾಲೇಜಿನಲ್ಲಿ ಬಿ.ಎಸ್‌ಸಿ. ಎರಡೂ ಕಡೆಯ ಹಿರಿಯರಿಗೆ ಒಪ್ಪಿಗೆ. ಆದರೆ ಮರುಳಪ್ಪ ಆ ಹೊತ್ತೆಲ್ಲ ಕೊಬ್ಬರಿ ಮಿಠಾಯಿಯ ತಟ್ಟೆಯನ್ನೂ ಎದುರು ಗೋಡೆಯ ಕ್ಯಾಲೆಂಡರನ್ನೂ ನೋಡುತ್ತ ಕೂತಿದ್ದರು. ಹುಡುಗಿಯ ಮುಖ ನೋಡಲಿಲ್ಲ. "ವಾಪಸ್ ಬಂದ ಮೇಲೆ ಹೇಳ್ತೀನಿ" ಎಂದು ವಿಮಾನ ಹತ್ತಿಬಿಟ್ಟರು.

ಏಪ್ರಿಲ್‌ನಲ್ಲಿ ವಿಮಲಳಿಗೆ ಅರಸೀಕೆರೆಯಿಂದ ಇನ್ನೊಂದು ಸಂಬಂಧ ಬಂತು. ಅವರು ಕಾಯುವವರಲ್ಲ. ಆಗ ಮರುಳಪ್ಪನವರ ತಂದೆ ಸದಾಶಿವಯ್ಯನವರು ಬಿಳಿಗೆರೆಯಿಂದ ಬರೆದರು: ಮೇ ತಿಂಗಳ ಇಂಥ ಭಾನುವಾರ, ನಿಮ್ಮ ಕಡೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಶಂಭುಲಿಂಗಯ್ಯನವರ ಮಂಡಿಯಿಂದ ಫೋನು ಮಾಡುತ್ತೇವೆ, ಮದುವೆಗೆ ಒಪ್ಪಿಗೆಯೋ ಇಲ್ಲವೋ ಹೇಳು, ಸೋಮವಾರ ಏಕಾಂತಯ್ಯ ಅರಸೀಕೆರೆಗೆ ಹೋಗಿ ಮಾತು ಕೊಡುವವರಿದ್ದಾರೆ. ಈ ಶಂಭುಲಿಂಗಯ್ಯನವರು ವಿಮಲಳ ಸೋದರಮಾವ. ಸಂಬಂಧ ತಂದವರೂ ಅವರೇ, ಫೋನಿದ್ದವರೂ ಅವರೇ.

ಆ ವಾರದ ಕೊನೆಗೆ ಮರುಳಪ್ಪ ಮೊದಲೇ ಒಂದು ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ಹೊರದೇಶದ ವಿದ್ಯಾರ್ಥಿಗಳಿಗೆಂದು ಊರಿನ ಒಂದು ಸಂಘದವರು ನಡೆಸುವ ಬಸ್ ಪ್ರವಾಸ. ಶನಿವಾರ ಲಿಂಕನ್, ರಾತ್ರಿ ಯಾರ್ಕಿನಲ್ಲಿ ತಂಗುವುದು, ಭಾನುವಾರ ಒಂದು ಗಂಟೆಯೊಳಗೆ ವಾಪಸ್. ಹಾಸ್ಟೆಲ್ಲಿನಲ್ಲಿ ಕೂತು ಒದ್ದಾಡುವ ಬದಲು ಊರು ನೋಡುತ್ತ ಯೋಚಿಸಬಹುದು ಎಂದು ಹೊರಟರು. ಯೋಚನೆ ಒಂದೇ: ಆ ಹುಡುಗಿಯ ಮುಖ ಹೇಗಿತ್ತು? ಹೂಂ ಅನ್ನಲು ಆಧಾರ ಬೇಕಲ್ಲ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಮಿಸ್ ವಿಟೇಕರ್ ಎಂಬಾಕೆ ಹೆಸರು ಕರೆದರು. ನಿವೃತ್ತ ಶಾಲಾ ಟೀಚರು, ತೆಳ್ಳಗೆ, ತಲೆಗೊಂದು ಉಣ್ಣೆಯ ಟೋಪಿ. ಪ್ರವಾಸದ ಜವಾಬ್ದಾರಿ ಅವರದು.

"ಮಿಸ್ಟರ್ ಮರುಳಪ್ಪ?"

ಮರುಳಪ್ಪ ಕೈ ಎತ್ತಿದರು.

"ಮಿಸ್ಟರ್ ಸ... ಸದಾ... ಸದಾಶಿವಯ್ಯ?"

ಮರುಳಪ್ಪ ಎದ್ದು ನಿಂತರು. ಅಪ್ಪನ ಹೆಸರು ಕೂಗಿದಾಗ ಕೂತಿರುವುದು ಹೇಗೆ? "ಅದು ನಮ್ಮ ತಂದೆ" ಎಂದರು.

"ಓ, ನಿಮ್ಮ ತಂದೆಯೇ! ಅವರು ನಿಮ್ಮ ಜೊತೆಗಿಲ್ಲವೇ?"

"ಯೆಸ್."

"ಬಹಳ ಸಂತೋಷ" ಎಂದು ಆಕೆ ಮುಂದಿನ ಹೆಸರಿಗೆ ಹೋದರು.

ಇಲ್ಲಿ ಆದದ್ದನ್ನು ಬಿಡಿಸಿ ಹೇಳಬೇಕು. ಸಂಘದವರು ಪೂರ್ತಿ ಹೆಸರು ಕೇಳಿದ್ದರು. ಬಿ.ಎಸ್. ಮರುಳಪ್ಪ ತಮ್ಮ ಎರಡು ಇನಿಷಿಯಲ್ಲನ್ನೂ ಬಿಡಿಸಿ 'ಬಿಳಿಗೆರೆ ಸದಾಶಿವಯ್ಯ ಮರುಳಪ್ಪ' ಎಂದು ಕೊಟ್ಟಿದ್ದರು. ನಮ್ಮಲ್ಲಿ ಮೊದಲನೆಯದು ಊರು, ಎರಡನೆಯದು ಅಪ್ಪ, ಮೂರನೆಯದು ತಾನು ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಟೈಪ್ ಮಾಡಿದವರಿಗೆ ಇಷ್ಟುದ್ದದ ಹೆಸರು ಒಬ್ಬನದೇ ಎನ್ನಿಸಲಿಲ್ಲ. ಇಬ್ಬರನ್ನು ಮಾಡಿದರು.

ಎರಡನೆಯದು, ಆ 'ಯೆಸ್'. ನಮ್ಮಲ್ಲಿ "ಊಟ ಆಗಿಲ್ವಾ?" ಎಂದು ಕೇಳಿದರೆ, ಆಗಿಲ್ಲದವನು "ಹೂಂ, ಆಗಿಲ್ಲ" ಅನ್ನುತ್ತಾನೆ. ನೀನು ಹೇಳಿದ್ದು ಸರಿ ಎಂಬುದಕ್ಕೆ ಆ ಹೂಂ. ಇಂಗ್ಲಿಷಿನವರದು ಹಾಗಲ್ಲ. ಕೇಳಿದ ರೀತಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊಟ ಆಗಿದ್ದರೆ ಯೆಸ್, ಆಗಿಲ್ಲದಿದ್ದರೆ ನೋ. ಆದ್ದರಿಂದ "ಜೊತೆಗಿಲ್ಲವೇ?" ಎಂಬುದಕ್ಕೆ ಮರುಳಪ್ಪ "ಸರಿ, ಇಲ್ಲ" ಎಂದು ಯೆಸ್ ಅಂದರು. ಮಿಸ್ ವಿಟೇಕರ್ "ಇದ್ದಾರೆ" ಎಂದು ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಸದಾಶಿವಯ್ಯನವರೂ ಪ್ರಯಾಣ ಮಾಡುತ್ತಿದ್ದರು. ಮಗನಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಲಿಂಕನ್ನಿನ ದೊಡ್ಡ ಇಗರ್ಜಿ ಗುಡ್ಡದ ನೆತ್ತಿಯಲ್ಲಿದೆ. ಕಲ್ಲು ಹಾಸಿದ ಕಡಿದಾದ ಬೀದಿಯಲ್ಲಿ ಎಲ್ಲರೂ ಏದುಸಿರು ಬಿಡುತ್ತ ಹತ್ತುತ್ತಿದ್ದಾಗ ಮಿಸ್ ವಿಟೇಕರ್ ಹಿಂದಿನಿಂದ ಬಂದರು.

"ನಿಮ್ಮ ತಂದೆಗೆ ಇಂಥ ಏರು ಕಷ್ಟವಲ್ಲವೇ?"

"ನೋ, ನೋ. ಅವರು ದಿನಾ ತೋಟದ ಬದು ಹತ್ತಿ ಇಳಿಯುತ್ತಾರೆ. ನನಗಿಂತ ಗಟ್ಟಿ."

"ಓ, ಆಗಲೇ ಮುಂದೆ ಹೋಗಿರಬೇಕು" ಎಂದು ಆಕೆ ತಮ್ಮಷ್ಟಕ್ಕೆ ಅಂದುಕೊಂಡು ನಕ್ಕರು.

ಮರುಳಪ್ಪನವರಿಗೆ ಮನಸ್ಸು ತುಂಬಿತು. ಎಂಟು ತಿಂಗಳಿನಿಂದ ಆ ದೇಶದಲ್ಲಿದ್ದರೂ ಯಾರೊಬ್ಬರೂ ಅವರ ಅಪ್ಪನನ್ನು ವಿಚಾರಿಸಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೂ "ತಂದೆಯವರು ಹೇಗವ್ರೆ, ಅವರು ಬರ್ಲಿಲ್ವಾ?" ಎನ್ನುತ್ತಾರೆ. ಈ ಹೆಂಗಸಿಗೆ ನಮ್ಮ ರೀತಿ ಗೊತ್ತು, ಎಲ್ಲೋ ಮೈಸೂರು ಸೀಮೆಯಲ್ಲಿ ಇದ್ದು ಬಂದಿರಬೇಕು ಎಂದುಕೊಂಡರು.

ಊಟದ ಹೊತ್ತಿಗೆ ಮಿಸ್ ವಿಟೇಕರ್ ಬ್ರೆಡ್ಡಿನ ಪೊಟ್ಟಣ ಹಂಚುತ್ತ ಬಂದರು. ಮರುಳಪ್ಪ ಲಿಂಗವಂತರ ಮನೆಯವರು, ಮಾಂಸ ತಿನ್ನುವುದಿಲ್ಲವೆಂದು ಮೊದಲೇ ಹೇಳಿದ್ದರು. ಅವರಿಗೆ ಚೀಸಿನ ಪೊಟ್ಟಣ ಕೊಟ್ಟು, "ನಿಮ್ಮ ತಂದೆಯೂ ಮಾಂಸ ತಿನ್ನುವುದಿಲ್ಲವೇ?" ಎಂದು ಕೇಳಿದರು.

"ಯೆಸ್" ಎಂದರು ಮರುಳಪ್ಪ, ಹೆಮ್ಮೆಯಿಂದ.

ಆಕೆ ಹಂದಿಮಾಂಸದ ಇನ್ನೊಂದು ಪೊಟ್ಟಣವನ್ನು ಅವರ ಕೈಗಿಟ್ಟು ಮುಂದೆ ಹೋದರು. ಮರುಳಪ್ಪ ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಮುಂದಿನ ಸೀಟಿನ ಘಾನಾ ದೇಶದ ವಿದ್ಯಾರ್ಥಿಗೆ ಕೊಟ್ಟುಬಿಟ್ಟರು.

ಸಂಜೆ ಯಾರ್ಕಿನ ದಾರಿಯಲ್ಲಿ ತಣ್ಣನೆ ಗಾಳಿ ಎದ್ದಿತು. ಮಿಸ್ ವಿಟೇಕರ್ ಬಸ್ಸಿನ ಮುಂಭಾಗದಿಂದಲೇ ಕತ್ತು ಹೊರಳಿಸಿ ಕೇಳಿದರು.

"ನಿಮ್ಮ ತಂದೆಗೆ ಚಳಿ ಆಗುತ್ತಿಲ್ಲ ತಾನೇ?"

ಮೇ ತಿಂಗಳಿನಲ್ಲಿ ಬಿಳಿಗೆರೆಯಲ್ಲಿ ಚಳಿಯೇ? "ಯೆಸ್, ಯೆಸ್" ಎಂದರು ಮರುಳಪ್ಪ ನಗುತ್ತ.

ಆಕೆ ತಮ್ಮ ಚೀಲದಿಂದ ಕೆಂಪು ಹಸಿರು ಚೌಕುಳಿಯ ಉಣ್ಣೆ ಕಂಬಳಿ ತೆಗೆದು, ಕೈಯಿಂದ ಕೈಗೆ ಹಿಂದಕ್ಕೆ ದಾಟಿಸಿ, "ಇದನ್ನು ಅವರಿಗೆ ಕೊಡಿ" ಎಂದರು. ಮರುಳಪ್ಪನವರಿಗೆ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿ ಒಂದು ಸೀಟು ಹೇಗೂ ಖಾಲಿ ಇತ್ತು. ಕಂಬಳಿ ಮಡಿಸಿ ಅದರ ಮೇಲಿಟ್ಟರು. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿದರು.

ಯಾರ್ಕಿನ ವಸತಿಗೃಹದಲ್ಲಿ ಅವರ ಕೋಣೆಗೆ ಎರಡು ಮಂಚ, ಎರಡು ಟವೆಲು, ಎರಡು ಬೀಗದ ಕೈ. ವಿಜ್ಞಾನ ಓದಿದವರು, ಸುಮ್ಮನೆ ಬಿಡಲಿಲ್ಲ. ಈ ಊರಿನಲ್ಲಿ ಒಬ್ಬೊಬ್ಬರಿಗೂ ಎರಡೆರಡು ಕೊಡುವ ಪದ್ಧತಿ ಇರಬಹುದು ಎಂಬುದು ಮೊದಲ ಊಹೆ. ಹೋಗಿ ಘಾನಾದವನ ಕೋಣೆ ನೋಡಿದರು. ಅಲ್ಲಿ ಒಂದೇ ಮಂಚ. ಮಾಂಸ ತಿನ್ನದವರ ಮೇಲೆ ಕನಿಕರವಿರಬಹುದು ಎಂಬುದು ಎರಡನೆಯ ಊಹೆ. ಆದರೆ ಅದಕ್ಕೂ ಎರಡನೆಯ ಮಂಚಕ್ಕೂ ಏನು ಸಂಬಂಧ? ಯಾವುದೂ ಹೊಂದಲಿಲ್ಲ. ಒಂದು ಮಂಚದ ಮೇಲೆ ಮಲಗಿ, ಇನ್ನೊಂದರ ಮೇಲೆ ಕೋಟು ಹರಡಿದರು. ಹುಡುಗಿಯ ಮುಖವೂ ನೆನಪಾಗಲಿಲ್ಲ. ಹಸಿರು ಸೀರೆಯೋ ನೀಲಿಯೋ, ಅದೂ ಗೊತ್ತಾಗಲಿಲ್ಲ. ಕ್ಯಾಲೆಂಡರಿನಲ್ಲಿದ್ದ ಸಿಮೆಂಟಿನ ಜಾಹೀರಾತು ಮಾತ್ರ ಅಕ್ಷರ ಅಕ್ಷರವೂ ನೆನಪಿತ್ತು.

ಭಾನುವಾರ ಬೆಳಿಗ್ಗೆ ಎಲ್ಲರೂ ಯಾರ್ಕಿನ ಕೋಟೆಗೋಡೆಯ ಮೇಲೆ ನಡೆದರು. ಹಳೆಯ ಊರನ್ನು ಸುತ್ತುವರಿದ ಗೋಡೆ, ಮೇಲೆ ಇಬ್ಬರು ನಡೆಯುವಷ್ಟು ಅಗಲದ ದಾರಿ. ಹತ್ತೂವರೆಗೆ ಬಸ್ಸಿನ ಹತ್ತಿರ ಬಂದಾಗ ಮಿಸ್ ವಿಟೇಕರ್ ತಲೆ ಎಣಿಸಿದರು. ಮತ್ತೆ ಎಣಿಸಿದರು. ಮರುಳಪ್ಪನವರ ಬಳಿ ಬಂದರು.

"ನಿಮ್ಮ ತಂದೆ ಇನ್ನೂ ಬಂದಿಲ್ಲವೇ?"

"ಯೆಸ್."

ಆಕೆ ಪಕ್ಕದ ಸೀಟು ನೋಡಿದರು. ಕಂಬಳಿ ಇತ್ತು, ಮನುಷ್ಯ ಇರಲಿಲ್ಲ.

"ಎಲ್ಲಿದ್ದಾರೆ?"

"ಬಿಳಿಗೆರೆಯಲ್ಲಿ."

"ಅದು ಯಾವ ಬೀದಿ?"

"ಬೀದಿ ಅಲ್ಲ, ತಿಪಟೂರಿನ ಹತ್ತಿರ."

ಆಕೆಯ ಮುಖ ಬಿಳಿಚಿತು. "ನೋಡಿ, ಗಾಬರಿಯಾಗಬೇಡಿ. ನೀವು ಅವರನ್ನು ಕೊನೆಗೆ ನೋಡಿದ್ದು ಎಲ್ಲಿ?"

ಮರುಳಪ್ಪನವರಿಗೆ ಗಾಬರಿ ಏನೂ ಇರಲಿಲ್ಲ. ಊರು ಬಿಟ್ಟ ದಿನ ಕಣ್ಣ ಮುಂದೆ ಬಂತು. "ರೈಲ್ವೆ ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದರು" ಎಂದರು. ಕಳೆದ ಸೆಪ್ಟೆಂಬರಿನಲ್ಲಿ ಎಂದು ಹೇಳುವಷ್ಟರಲ್ಲಿ ಮಿಸ್ ವಿಟೇಕರ್ ಬಸ್ಸಿಳಿದು ಓಡುತ್ತಿದ್ದರು.

ಬಸ್ಸು ಹೊರಡಲಿಲ್ಲ. ಹನ್ನೊಂದಾಯಿತು. ಮರುಳಪ್ಪನವರಿಗೆ ಈಗ ಗಾಬರಿ ಶುರುವಾಯಿತು. ಮೂರು ಗಂಟೆಗೆ ಫೋನು. ಹಾಸ್ಟೆಲ್ಲಿನಲ್ಲಿ ಇಲ್ಲದಿದ್ದರೆ ಸೋಮವಾರ ವಿಮಲ ಅರಸೀಕೆರೆಯವರ ಪಾಲು. ಬೇಕೋ ಬೇಡವೋ ಇನ್ನೂ ಗೊತ್ತಿಲ್ಲ, ಆದರೆ ಬಸ್ಸು ತಡವಾದ ಕಾರಣಕ್ಕೆ ತಪ್ಪಿತು ಎನ್ನುವುದು ಯಾವ ನ್ಯಾಯ?

"ಯಾಕೆ ನಿಂತಿದ್ದೇವೆ?" ಎಂದು ಘಾನಾದವನನ್ನು ಕೇಳಿದರು.

"ಯಾರೋ ಮುದುಕರು ತಪ್ಪಿಸಿಕೊಂಡಿದ್ದಾರಂತೆ. ನಿಮ್ಮ ದೇಶದವರೇ."

ಅಯ್ಯೋ ಪಾಪ ಅನ್ನಿಸಿತು. ಮರುಳಪ್ಪ ತಾವೂ ಹುಡುಕಲು ಇಳಿದರು. ನಮ್ಮ ಕಡೆಯ ವಯಸ್ಸಾದವರು ಇಂಥ ಊರಿನಲ್ಲಿ ಎಲ್ಲಿಗೆ ಹೋದಾರು? ಬಿಸಿಲು ಬಿದ್ದ ಕಡೆ ಹೋಗಿ ಕೂತಾರು. ಬಿಸಿಲಿದ್ದ ಜಗಲಿ, ಮೆಟ್ಟಿಲು, ಬೆಂಚುಗಳನ್ನೆಲ್ಲ ನೋಡುತ್ತ ನಡೆದರು. ದಾರಿಯಲ್ಲಿ ಸಿಕ್ಕ ಪೊಲೀಸಿನವನು, "ನೀವು ತಪ್ಪಿಸಿಕೊಂಡವರಲ್ಲ ತಾನೇ?" ಎಂದು ಕೇಳಿದ. "ಯೆಸ್" ಎಂದರು. ಅವನು ಇವರ ತೋಳು ಹಿಡಿದು ರೈಲ್ವೆ ಸ್ಟೇಷನ್ನಿನ ಕಡೆ ಕರೆದುಕೊಂಡು ಹೊರಟ. ಯಾಕೆಂದು ತಿಳಿಯಲಿಲ್ಲ. ಪೊಲೀಸಿನವನ ಜೊತೆ ವಾದ ಯಾಕೆ ಎಂದು ಹೋದರು.

ಯಾರ್ಕ್ ಸ್ಟೇಷನ್ನಿನ ಬಾಗಿದ ದೊಡ್ಡ ಚಾವಣಿಯ ಕೆಳಗೆ ಕಾಲಿಟ್ಟಾಗ ಮೇಲಿಂದ ಧ್ವನಿವರ್ಧಕ ಕೂಗಿತು: "ಮಿಸ್ಟರ್ ಸದಾಶಿವಯ್ಯ, ಮಿಸ್ಟರ್ ಸದಾಶಿವಯ್ಯ, ನಿಮ್ಮ ಮಗ ಬಸ್ಸಿನಲ್ಲಿ ಕಾಯುತ್ತಿದ್ದಾರೆ."

ಮರುಳಪ್ಪ ತಟ್ಟನೆ ನಿಂತರು. ಒಂದು ಕ್ಷಣ, ಅಪ್ಪ ಫೋನು ನಂಬದೆ ತಾವೇ ಹೊರಟು ಬಂದುಬಿಟ್ಟರೇ ಎಂದು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಬಿಳಿ ಪಂಚೆ ಹುಡುಕಿದರು. ಆಮೇಲೆ ಪೊಲೀಸಿನವನ ಕೈ ಬಿಡಿಸಿಕೊಂಡು ಮಿಸ್ ವಿಟೇಕರ್ ನಿಂತಿದ್ದ ಕಿಟಕಿಗೆ ಓಡಿದರು.

"ಯಾರನ್ನು ಕೂಗಿಸುತ್ತಿದ್ದೀರಿ?"

"ನಿಮ್ಮ ತಂದೆಯನ್ನು!"

"ನಮ್ಮ ತಂದೆ ಇಂಡಿಯಾದಲ್ಲಿದ್ದಾರೆ."

"ನಿನ್ನೆ ಜೊತೆಗಿದ್ದಾರೆ ಅಂದಿರಿ!"

"ಇಲ್ಲ. ಜೊತೆಗಿಲ್ಲವೇ ಎಂದು ಕೇಳಿದಿರಿ. ಯೆಸ್ ಅಂದೆ."

ಮಿಸ್ ವಿಟೇಕರ್ ಹತ್ತಿರದ ಬೆಂಚಿನ ಮೇಲೆ ಕೂತು ಟೋಪಿ ತೆಗೆದರು. ಆಮೇಲೆ, "ಕಂಬಳಿ?" ಎಂದರು.

"ಊರಿಗೆ ತಗೊಂಡು ಹೋಗಿ ಕೊಡೋಣ ಅಂತ ಇಟ್ಟುಕೊಂಡಿದ್ದೇನೆ."

ಆಕೆ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಪೊಲೀಸಿನವನೂ ನಕ್ಕ. ಮರುಳಪ್ಪ, ತಾವೂ ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದರು.

ವಾಪಸ್ ಬರುವಾಗ ಮಿಸ್ ವಿಟೇಕರ್ ಖಾಲಿ ಸೀಟಿನಲ್ಲಿ ಕೂತು ಪಾಠ ಮಾಡಿದರು. ಹಳೇ ಟೀಚರಲ್ಲವೇ. "ಇಲ್ಲವೇ ಎಂದು ಕೇಳಲಿ, ಇದೆಯೇ ಎಂದು ಕೇಳಲಿ. ಇದ್ದರೆ ಯೆಸ್, ಇಲ್ಲದಿದ್ದರೆ ನೋ. ಕೇಳಿದ್ದನ್ನು ಮರೆತುಬಿಡಿ, ಇರುವುದನ್ನು ಹೇಳಿ. ನಿಮ್ಮ ಹತ್ತಿರ ಕೊಡೆ ಇಲ್ಲವೇ?"

"ಯೆ... ನೋ."

"ನೀವು ಇಂಗ್ಲಿಷಿನವರಲ್ಲವೇ?"

"ನೋ."

"ಮಾಂಸ ತಿನ್ನುವುದಿಲ್ಲವೇ?"

"ನೋ."

"ಭೇಷ್!"

ಹೀಗೆ ಊರು ಬರುವವರೆಗೂ ತಾಲೀಮು ನಡೆಯಿತು. ಅದರ ಮಧ್ಯೆ, ಮರುಳಪ್ಪನವರಿಗೆ ಒಂದು ವಿಷಯ ನೆನಪಾಯಿತು. ತುರುವೇಕೆರೆಯ ಆ ದಿನ, ಹಿರಿಯರೆಲ್ಲ ಜಗಲಿಗೆ ಎದ್ದು ಹೋದ ಮೇಲೆ, ಲೋಟ ತೆಗೆಯಲು ಆ ಹುಡುಗಿ ಬಂದಿದ್ದಳು. ಲೋಟ ತುಂಬಿಯೇ ಇತ್ತು. "ಕಾಫಿ ಕುಡೀಲಿಲ್ವಾ?" ಎಂದು ಕೇಳಿದ್ದಳು. ಇವರು ತಲೆ ತಗ್ಗಿಸಿಯೇ "ಹೌದು" ಎಂದಿದ್ದರು. ಅವಳು ಯಾಕೆ ಏನು ಎಂದು ಕೇಳದೆ, ಅಮ್ಮನನ್ನು ಕೂಗದೆ, ಬಲವಂತ ಮಾಡದೆ, ಲೋಟ ಒಯ್ದು ಮಜ್ಜಿಗೆ ತಂದಿಟ್ಟಿದ್ದಳು. ಮುಖ ಆಗಲೂ ನೋಡಿರಲಿಲ್ಲ. ಆದರೆ ಮಜ್ಜಿಗೆ ಕುಡಿದಿದ್ದರು.

ಒಂದು ಹೌದು ಅಂದದ್ದಕ್ಕೆ ಪೊಲೀಸಿನವನು ತೋಳು ಹಿಡಿದ ದಿನ ಅದು. ಇಂಥ ಹೌದನ್ನು ತಿಪಟೂರು ಸೀಮೆಯಲ್ಲಿ ಯಾರಾದರೂ ಅರ್ಥ ಮಾಡಿಕೊಳ್ಳುತ್ತಾರೆ, ಅದೇನೂ ಆಧಾರ ಅಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಮನಸ್ಸು ನಿಂತಿತು. ಬೇಕು.

ಹಾಸ್ಟೆಲ್ ತಲುಪಿದಾಗ ಮೂರೂವರೆ. ಒಂದು ಸಲ ಕಾಲ್ ಬಂದು ಹೋಗಿತ್ತು, ಮತ್ತೆ ಪ್ರಯತ್ನಿಸುತ್ತಾರಂತೆ ಎಂದು ಬಾಗಿಲ ಕಾವಲಿನವನು ಹೇಳಿದ. ದಾರಿಯಲ್ಲಿ ಫೋನಿನ ವಿಷಯವನ್ನೆಲ್ಲ ಕೇಳಿ ತಿಳಿದಿದ್ದ ಮಿಸ್ ವಿಟೇಕರ್ ಮನೆಗೆ ಹೋಗದೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ತಿಪಟೂರಿನಲ್ಲಿ ಆಗ ದೀಪ ಹಚ್ಚಿ ಆಗಿತ್ತು. ಮಂಡಿಯಲ್ಲಿ ಉಂಡೆ ಕೊಬ್ಬರಿಯ ರಾಶಿಯ ಪಕ್ಕ ಸದಾಶಿವಯ್ಯನವರು ಫೋನು ಹಿಡಿದು ನಿಂತಿದ್ದರು. ಶಂಭುಲಿಂಗಯ್ಯನವರು ಗದ್ದುಗೆ ಬಿಟ್ಟು ಎದ್ದು ಬಂದಿದ್ದರು. ತಕ್ಕಡಿ ಹಿಡಿದಿದ್ದ ತಿಮ್ಮಯ್ಯನೂ ತೂಕ ನಿಲ್ಲಿಸಿ ಕಿವಿಗೊಟ್ಟಿದ್ದ. ಬೆಂಗಳೂರು, ಬೊಂಬಾಯಿ ಎಲ್ಲ ದಾಟಿ ಲೈನು ಸಿಕ್ಕಿತು. ಧ್ವನಿ ಬಾವಿಯ ತಳದಿಂದ ಬಂದಂತಿತ್ತು.

"ಎಲ್ಲಿ ಹೋಗಿದ್ದ್ಯೋ ಮರುಳಾ!"

"ನಿಮ್ಮನ್ನೇ ಹುಡುಕ್ತಿದ್ದೆ ಅಪ್ಪಾ!"

"ಏನಂದೆ?"

"ಏನಿಲ್ಲ! ಹೇಳಿ!"

"ಲೈನ್ ಹೋಗ್ಬುಡ್ತದಂತೆ, ಬೇಗ ಹೇಳು. ಎಂಟು ತಿಂಗಳಾಯ್ತು, ಒಂದು ಮಾತಿಲ್ಲ. ಈ ಹುಡುಗಿಗೆ ನಿನ್ನ ಒಪ್ಪಿಗೆ ಇಲ್ವೇನ್ಲಾ?"

ಕೇಳಿದ್ದನ್ನು ಮರೆತುಬಿಡಿ, ಇರುವುದನ್ನು ಹೇಳಿ. ಒಪ್ಪಿಗೆ ಇತ್ತು.

"ಹೌದು!" ಎಂದು ಮರುಳಪ್ಪ ಕೂಗಿದರು. "ಹೌದು ಅಪ್ಪಾ, ಹೌದು!"

"ಸರಿ ಬುಡು" ಎಂದಿತು ಆ ಕಡೆಯ ಧ್ವನಿ. ಲೈನು ಹೋಯ್ತು.

"ಏನಂದ ಹುಡುಗ?" ಎಂದರು ಶಂಭುಲಿಂಗಯ್ಯನವರು ಮಂಡಿಯಲ್ಲಿ.

"ಒಪ್ಪಿಗೆ ಇಲ್ವಂತೆ."

"ಬಾಯ್ಬುಟ್ಟು ಅಂದ್ನಾ?"

"ಮೂರು ಸಲ ಅಂದ ಕಣ್ರೀ. ಅದೂ ಖುಷಿಯಾಗಿ ಅಂದ."

ಕೊನೆಯ ಬಸ್ಸಿಗೆ ತುರುವೇಕೆರೆಗೆ ಹೋಗುತ್ತಿದ್ದ ಒಬ್ಬರ ಬಾಯಲ್ಲಿ ಏಕಾಂತಯ್ಯನವರಿಗೆ ಸುದ್ದಿ ಹೋಯಿತು.

ಹಾಸ್ಟೆಲ್ಲಿನಲ್ಲಿ ಮರುಳಪ್ಪ ಮುಖ ಅರಳಿಸಿಕೊಂಡು ಫೋನಿಟ್ಟರು. "ಯೆಸ್ ಅಂದೆ" ಎಂದರು.

"ಒಳ್ಳೆಯದು. ಅವರು ಏನೆಂದು ಕೇಳಿದರು?" ಎಂದರು ಮಿಸ್ ವಿಟೇಕರ್.

"ಒಪ್ಪಿಗೆ ಇಲ್ಲವೇ ಎಂದು."

ಮಿಸ್ ವಿಟೇಕರ್ ಅವರನ್ನೇ ನೋಡಿದರು. "ನೀವು ಉತ್ತರ ಕೊಟ್ಟದ್ದು ಯಾವ ಭಾಷೆಯಲ್ಲಿ?"

"ಕನ್ನಡ..." ಎಂದ ಮರುಳಪ್ಪ ಫೋನಿನತ್ತ ಓಡಿದರು.

ಮತ್ತೆ ಕಾಲ್ ಮಾಡಲು ಅವರಿಗೆ ಮಂಡಿಯ ನಂಬರು ಗೊತ್ತಿರಲಿಲ್ಲ. ಅಲ್ಲಿ ಫೋನಿನಲ್ಲೇ ಮಂಡಿಯ ವಿಳಾಸಕ್ಕೆ ತಂತಿ, ಅಂದರೆ ಟೆಲಿಗ್ರಾಂ, ಕೊಡಬಹುದಿತ್ತು. ಮಿಸ್ ವಿಟೇಕರ್ ಫೋನು ಎತ್ತಿ, "ಯೆಸ್ ಎಂದರೆ ಯೆಸ್ ಎಂದು ಕೊಡೋಣವೇ?" ಎಂದರು. ಮರುಳಪ್ಪ ತಲೆ ಹಿಡಿದುಕೊಂಡರು. ಯೆಸ್ ಬೇಡ. ಹೌದೂ ಬೇಡ. ಯಾವ ಪ್ರಶ್ನೆಯ ಹಂಗೂ ಇಲ್ಲದ ಮಾತು ಬೇಕು. ಕೊನೆಗೆ ಒಂದೇ ಪದ ಇಂಗ್ಲಿಷ್ ಅಕ್ಷರದಲ್ಲಿ ಹೇಳಿದರು: ಬಿ, ಇ, ಕೆ, ಯು. ಇದು ಗುಪ್ತ ಸಂಕೇತವೇ ಎಂದು ತಂತಿಯವನು ಕೇಳಿದ. "ನೋ, ಮದುವೆ" ಎಂದರು ಮಿಸ್ ವಿಟೇಕರ್.

ಸೋಮವಾರ ಬೆಳಿಗ್ಗೆ ಸದಾಶಿವಯ್ಯನವರು ಮಂಡಿಗೆ ಬಂದಿದ್ದರು. ಏಕಾಂತಯ್ಯನವರ ಎದುರು ನಿಂತು ಕ್ಷಮೆ ಕೇಳದೆ ಇರುವುದು ಸರಿಯಲ್ಲ, ಇಬ್ಬರೂ ತುರುವೇಕೆರೆಗೆ ಹೋಗಿ ಬರೋಣ ಎಂದು. ಆಗ ತಂತಿ ಬಂತು. ತಂತಿ ಎಂದೊಡನೆ, ಏನು ಕೆಟ್ಟ ಸುದ್ದಿಯೋ ಎಂದು ಅವರು ಚೀಲಗಳ ಮೇಲೆ ಕುಸಿದರು. ಶಂಭುಲಿಂಗಯ್ಯನವರು ಅಕ್ಷರ ಕೂಡಿಸಿ ಓದಿದರು.

"ಬೆಕ್ಕು. ಮರುಳಪ್ಪ."

"ಏನು?"

"ಬೆಕ್ಕು ಅಂತೈತೆ ಕಣ್ರೀ. ನಿಮ್ಮ ಮಗ ಅಲ್ಲಿ ಬೆಕ್ಕು ಸಾಕವ್ನಾ?"

ತಿಮ್ಮಯ್ಯ ತಕ್ಕಡಿಯ ಹಿಂದಿನಿಂದ, "ಬೇಕು ಅಂತಿರ್ಬೌದು ಬುದ್ಧಿ" ಎಂದ.

ಮೂವರೂ ಮುಖ ಮುಖ ನೋಡಿಕೊಂಡರು. ಸದಾಶಿವಯ್ಯನವರು ಕಾಗದವನ್ನು ಕಿತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಶಂಭುಲಿಂಗಯ್ಯನವರು ಚಪ್ಪಲಿ ಹುಡುಕಿಕೊಂಡು ಹಿಂದೆ ಓಡಿದರು.

ಅವರು ತುರುವೇಕೆರೆ ಮುಟ್ಟಿದಾಗ ಏಕಾಂತಯ್ಯನವರು ಅರಸೀಕೆರೆಗೆ ಹೊರಟು, ಕೋಟು ಹಾಕಿಕೊಂಡು, ಕೊಡೆ ಹಿಡಿದು ಪಡಸಾಲೆಯಲ್ಲಿ ನಿಂತಿದ್ದರು. ಬಂದವರನ್ನು ಕೂತ್ಕೊಳ್ಳಿ ಎನ್ನಲಿಲ್ಲ.

"ಸುದ್ದಿ ಬಂತಲ್ಲ ಸದಾಶಿವಯ್ನೋರೇ. ಇನ್ನೇನು?"

"ತಂತಿ ಬಂದೈತೆ. ಬೇಕಂತೆ."

"ನಿನ್ನೆ ಒಪ್ಪಿಗೆ ಇಲ್ಲ ಅಂದ್ನಂತೆ?"

"ಇಲ್ಲ ಅನ್ಲಿಲ್ಲ. ಹೌದು ಅಂದ."

"ಹೌದು ಅಂದ್ರೆ ಹೌದು ಅಂತ ನಂಗೂ ಗೊತ್ತು ಕಣ್ರೀ. ಇಲ್ಲ ಅಂತ ಹೇಳಿ ಕಳ್ಸಿದೋರು ನೀವಲ್ವಾ?"

"ಹೌದು."

"ಮತ್ತೆ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಇಲ್ವಾ ಅಂದೆ, ಹೌದು ಅಂದ. ಇವತ್ತು ಬೇಕು ಅಂತವ್ನೆ."

"ಇವತ್ತು ಬೇಕು. ನಾಳೆ?"

ಸದಾಶಿವಯ್ಯನವರು ತಂತಿ ಕಾಗದವನ್ನು ಮುಂದೆ ಚಾಚಿದರು. ಏಕಾಂತಯ್ಯ ಅದನ್ನು ಮುಟ್ಟಲಿಲ್ಲ. "ಅರಸೀಕೆರೆಯೋರು ಊಟಕ್ಕೆ ಕಾಯ್ತಾವ್ರೆ" ಎಂದು ಹೊಸಿಲು ದಾಟಲು ಒಂದು ಕಾಲು ಎತ್ತಿದರು.

ಆಗ ನಡುಮನೆಯ ಬಾಗಿಲಿನಿಂದ ವಿಮಲ ಹೊರಗೆ ಬಂದಳು. ಎಂಟು ತಿಂಗಳಿಂದ ಇಷ್ಟು ಜನ ಇಷ್ಟು ಮಾತಾಡಿದ್ದರಲ್ಲ, ತನ್ನನ್ನು ಮಾತ್ರ ಯಾರೂ ಬೇಕಾ ಅಂತಲೂ ಕೇಳಿರಲಿಲ್ಲ, ಬ್ಯಾಡ್ವಾ ಅಂತಲೂ ಕೇಳಿರಲಿಲ್ಲ ಎನ್ನುತ್ತಾರೆ ವಿಮಲಮ್ಮ.

"ಅಪ್ಪಾಜಿ, ನಂಗೂ ಬೇಕು" ಎಂದಳು.

ಏಕಾಂತಯ್ಯನವರು ಎತ್ತಿದ ಕಾಲನ್ನು ಒಳಗೇ ಇಟ್ಟರು. ಮಗಳನ್ನು ನೋಡಿದರು, ಬೀಗರನ್ನು ನೋಡಿದರು, ಕೊಡೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, "ಕೂತ್ಕೊಳ್ಳಿ" ಎಂದರು.